ಷೇರು ಹಣಕ್ಕೆ ಸರಿಸಮ ಅನುದಾನ



ಸರಕಾರದ ಧನಸಹಾಯ ಬಂದಿದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ನಾವು ಕೇಳುವ ಮೊದಲ ಮಾತು, 'ಅರ್ಜಿ ಫಾರಂ ಎಲ್ಲಿ ಸಿಗತೈತಿ?' ಎಂಬುದು. ನಾನು ಈಗ ವಿವರಿಸಲಿರುವ ಅನುದಾನದ ಮಟ್ಟಿಗೆ ಫಾರಂ ಎಂಬುದು ಕಟ್ಟಕಡೆಯ ಕಾಗದ. ಹಣ ಬರುವುದೂ ಬಾರದಿರುವುದೂ ತೀರ್ಮಾನವಾಗುವುದು ನಿಮ್ಮ ಊರಿನಲ್ಲೇ, ನಿಮ್ಮ ಸಂಸ್ಥೆಯ ಷೇರು ಪುಸ್ತಕದಲ್ಲೇ.

ಕೇಂದ್ರ ಸರಕಾರವು 2020ರ ಫೆಬ್ರವರಿಯಲ್ಲಿ ದೇಶದಾದ್ಯಂತ 10,000 ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿತು. ಆ ಸಂಖ್ಯೆ 2025ರ ಫೆಬ್ರವರಿಯಲ್ಲಿ ಮುಟ್ಟಿತು. ಹಾಗಾಗಿ ನನ್ನ ಮಾತು ಈ ಯೋಜನೆಯಡಿ ಈಗಾಗಲೇ ನೋಂದಣಿಯಾಗಿ, ಬೋರ್ಡು ಹಾಕಿಕೊಂಡು, ಮುಂದೇನು ಎಂದು ಕುಳಿತಿರುವ ಸಂಸ್ಥೆಗಳ ಸದಸ್ಯರಿಗೆ. ಬಯಲು ಸೀಮೆಯಲ್ಲಿ ಇಂಥ ಸಂಸ್ಥೆಗೆ ಕನಿಷ್ಠ 300 ಮಂದಿ ಸದಸ್ಯರು ಬೇಕು. ಅದು ನಿಮಗೆ ಗೊತ್ತಿದ್ದದ್ದೇ.

ಇಲ್ಲಿ ಎರಡು ಬಗೆಯ ಹಣವುಂಟು. ಜನ ಇವೆರಡನ್ನೂ ಕಲಸಿಬಿಡುತ್ತಾರೆ. ಒಂದು, ಸಂಸ್ಥೆಯನ್ನು ನಡೆಸುವ ಖರ್ಚಿಗೆ ಮೂರು ವರ್ಷಗಳಲ್ಲಿ 18 ಲಕ್ಷ ರೂಪಾಯಿಗಳ ವರೆಗೆ ಸಿಗುವ ನೆರವು. ಮುಖ್ಯ ಕಾರ್ಯನಿರ್ವಾಹಕರ ಸಂಬಳ, ಲೆಕ್ಕಿಗರ ಸಂಬಳ, ಕಚೇರಿಯ ಬಾಡಿಗೆ, ಇಂಥವಕ್ಕೆ ಅದು ಸಲ್ಲುತ್ತದೆ. ಮೂರು ವರ್ಷ ಆಯಿತೋ, ಅದು ನಿಂತಿತು. ಆ ಹೊತ್ತಿಗೆ ಸಂಸ್ಥೆ ತನ್ನ ವ್ಯಾಪಾರದಿಂದ ಸಂಬಳ ಕೊಡುವಂತಿರಬೇಕು, ಇಲ್ಲವೇ ಬೀಗ ಹಾಕಬೇಕು. ಎರಡನೆಯದೇ ಸರಿಸಮ ಷೇರು ಅನುದಾನ. ನೀವು ಎಷ್ಟು ಷೇರು ಹಣ ಕಟ್ಟಿದ್ದೀರೋ ಅಷ್ಟೇ ಹಣವನ್ನು, ಒಬ್ಬ ಸದಸ್ಯನಿಗೆ ಹೆಚ್ಚೆಂದರೆ 2,000 ರೂಪಾಯಿ, ಒಂದು ಸಂಸ್ಥೆಗೆ ಹೆಚ್ಚೆಂದರೆ 15 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸರಕಾರ ಸೇರಿಸುತ್ತದೆ. ಬೀಗ ಹಾಕದಂತೆ ಕಾಯುವುದು ಈ ಎರಡನೆಯ ಹಣ.

ಹೇಗೆ ಅಂತೀರಾ? ಹೆಸರು ಕಾಳಿನ ಸುಗ್ಗಿಯನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆಂದು ಕ್ವಿಂಟಲಿಗೆ 7,000 ರೂಪಾಯಿ ಹಿಡಿಯೋಣ. ನೂರು ಕ್ವಿಂಟಲಿನ ಒಂದು ಲಾರಿ ತುಂಬಬೇಕಾದರೆ 7 ಲಕ್ಷ ಕೈಯಲ್ಲಿರಬೇಕು. ಕಾಳು ತಂದ ರೈತನಿಗೆ ಅಂದೇ ದುಡ್ಡು ಬೇಕು; ಮಗಳ ಫೀ ಕಟ್ಟಬೇಕು, ಹಿಂಗಾರಿಗೆ ಬೀಜ ಗೊಬ್ಬರ ತರಬೇಕು. ಸಂಸ್ಥೆಯ ಹತ್ತಿರ ಮೂರು ಲಕ್ಷವಷ್ಟೇ ಇದ್ದರೆ ಅರ್ಧ ಲಾರಿಗೂ ಸಾಲದು. 'ಎಂಟು ದಿನ ತಾಳು' ಎಂದರೆ ಆತ ಚೀಲ ಹೊತ್ತುಕೊಂಡು ದಲಾಲಿಯ ಅಂಗಡಿಗೇ ಹೋಗುತ್ತಾನೆ, ಅವನನ್ನು ದೂರಿ ಫಲವಿಲ್ಲ. ಬ್ಯಾಂಕಿನವರು ಸಾಲ ಕೊಡುವಾಗಲೂ ಮೊದಲು ನೋಡುವುದು, ನಿಮ್ಮದೇ ಬಂಡವಾಳ ಎಷ್ಟಿದೆ ಎಂಬುದನ್ನೇ.

'ಊರಿನ ನಾಲ್ಕು ದೊಡ್ಡ ಹಿಡುವಳಿದಾರರು ಲಕ್ಷ ಲಕ್ಷ ಹಾಕಿದರೆ ಸಾಕಲ್ಲ, ಮನೆಮನೆ ತಿರುಗೋದು ಯಾಕೆ?' ಎಂದು ಕೆಲವರು ಕೇಳುತ್ತಾರೆ. ಪೆನ್ಸಿಲು ಹಿಡಿದು ಲೆಕ್ಕ ಮಾಡಿ ನೋಡಿ. ನೂರು ಜನ ತಲಾ 10,000 ಕಟ್ಟಿದರೆ 10 ಲಕ್ಷ ಕೂಡುತ್ತದೆ. ಆದರೆ ತಲೆಗೆ 2,000ದ ಮಿತಿ ಇರುವುದರಿಂದ ಆ ನೂರು ಜನರಿಂದ ಬರುವ ಅನುದಾನ ಬರೀ 2 ಲಕ್ಷ. ಅದೇ 10 ಲಕ್ಷವನ್ನು 500 ಜನ ತಲಾ 2,000 ಹಾಕಿ ಕೂಡಿಸಲಿ, ಅನುದಾನವೂ 10 ಲಕ್ಷ ಬರುತ್ತದೆ. 750 ಜನ ಹಾಗೆ ಕಟ್ಟಿದರೆ ಪೂರ್ತಿ 15 ಲಕ್ಷ. ಕಟ್ಟುವವರು ಹೆಚ್ಚಿದಷ್ಟೂ ಹಣ ಹೆಚ್ಚುವಂತೆಯೇ ಈ ಏರ್ಪಾಡನ್ನು ಮಾಡಿದ್ದಾರೆ. ಒಬ್ಬನ ಷೇರು ಒಟ್ಟು ಬಂಡವಾಳದ ನೂರಕ್ಕೆ ಹತ್ತನ್ನು ಮೀರಕೂಡದು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಐದು ಎಕರೆಯೊಳಗಿನ ಸಣ್ಣ, ಅತಿ ಸಣ್ಣ ರೈತರು ಮತ್ತು ಭೂಮಿಯಿಲ್ಲದ ಗೇಣಿದಾರರು ಇರಬೇಕು. ರೈತ ಮಹಿಳೆಯರ ಷೇರಿಗೆ ಆದ್ಯತೆಯುಂಟು. ಹೊಲದಲ್ಲಿ ಅರ್ಧಕ್ಕಿಂತ ಹೆಚ್ಚು ಗೇಯುವವಳು ಆಕೆಯೇ, ಷೇರು ಪುಸ್ತಕದಲ್ಲಿ ಮಾತ್ರ ಆಕೆಯ ಹೆಸರು ಹುಡುಕಿದರೂ ಸಿಗುವುದಿಲ್ಲ!

ಇನ್ನೊಂದು ಮಾತನ್ನು ಸ್ಪಷ್ಟವಾಗಿ ತಿಳಿಯಿರಿ. ಈ ಅನುದಾನ ನಿರ್ದೇಶಕರ ಕೈಗೆ ಬಂದ ಇನಾಮಲ್ಲ. ಹಣ ಸಂಸ್ಥೆಯ ಖಾತೆಗೆ ಬಂದರೂ ಅದಕ್ಕೆ ಸಮನಾದ ಷೇರುಗಳನ್ನು 45 ದಿನಗಳೊಳಗೆ ಆಯಾ ಸದಸ್ಯರ ಹೆಸರಿಗೆ ಬರೆದುಕೊಡಬೇಕು. ಎರಡು ಸಾವಿರ ಕಟ್ಟಿದ ನಿಂಗವ್ವನ ಹೆಸರಿಗೆ ನಾಲ್ಕು ಸಾವಿರದ ಷೇರು ಆಗುತ್ತದೆ. ಹಾಗೆ ಬರೆದುಕೊಡದಿದ್ದರೆ, ಹಣ ದುರುಪಯೋಗವಾದರೆ, ಅಥವಾ ಐದು ವರ್ಷದೊಳಗೆ ಸಂಸ್ಥೆಯನ್ನು ಮುಚ್ಚಿದರೆ ಅನುದಾನವನ್ನು ವಾಪಸು ಕೇಳುವ ಹಕ್ಕು ಕೊಟ್ಟವರಿಗಿದೆ. ನಿಂಗವ್ವ ಮುಂದೆ ಸದಸ್ಯತ್ವ ಬಿಟ್ಟಳೆನ್ನಿ, ಅನುದಾನದ ಷೇರು ಬೇರೆ ಸದಸ್ಯರಿಗೆ ಹೋಗುತ್ತದೆ. ಅದರ ಬೆಲೆ ಆಕೆಗೆ ಸಿಗುವುದಿಲ್ಲ. ಇದನ್ನು ಮೊದಲೇ ಹೇಳಿರಿ, ಆಮೇಲೆ ಕಟ್ಟೆಯ ಮೇಲೆ ಜಗಳ ಬ್ಯಾಡ.

ಹಾಗೆಯೇ ಸಾಹುಕಾರರೊಬ್ಬರು ತಮ್ಮ ಆಳುಕಾಳುಗಳ ಹೆಸರಿನಲ್ಲಿ ತಾವೇ ಹಣ ಕಟ್ಟಿ ಪಟ್ಟಿ ಬೆಳೆಸುವುದುಂಟು. ಅಂಥ ಹೆಸರಿಗಷ್ಟೇ ಸದಸ್ಯನಾದವನು ಸುಗ್ಗಿಯಲ್ಲಿ ಕಾಳೂ ತರುವುದಿಲ್ಲ, ಸಭೆಗೂ ಬರುವುದಿಲ್ಲ. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಯಲ್ಲಿ ಷೇರು ಹತ್ತಿರಲಿ ನೂರಿರಲಿ, ರೈತ ಸದಸ್ಯನಿಗೆ ಒಂದೇ ಮತ.

ಷೇರು ಎತ್ತಿ ಸಂಘ ಕಟ್ಟುವುದು ನಮ್ಮ ಗದಗ ಸೀಮೆಗೆ ಹೊಸತಲ್ಲ. ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷವೇ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಸ್ಥಾಪಿಸಿದರು. ಆಗ ಸರಿಸಮ ಕೊಡುವ ನಿಧಿ ಯಾವುದೂ ಇರಲಿಲ್ಲ.

ಈಗ ಅರ್ಜಿಯ ವಿಷಯ. ಯಾರ್ಯಾರು ಎಷ್ಟೆಷ್ಟು ಕಟ್ಟಿದ್ದಾರೆಂಬ ಪಟ್ಟಿಗೆ ಚಾರ್ಟರ್ಡ್ ಅಕೌಂಟೆಂಟರ ದೃಢೀಕರಣ ಬೇಕು. ಅನುದಾನ ಕೇಳುವುದೆಂದು ಆಡಳಿತ ಮಂಡಳಿಯ ಠರಾವು ಬೇಕು, ಸದಸ್ಯರ ಒಪ್ಪಿಗೆ ಬೇಕು. ಆಡಿಟ್ ಆದ ಲೆಕ್ಕಪತ್ರ, ಬ್ಯಾಂಕು ಮ್ಯಾನೇಜರರ ಸಹಿಯೊಡನೆ ಆರು ತಿಂಗಳ ಖಾತೆ ವಿವರ, ಮುಂದಿನ ಹದಿನೆಂಟು ತಿಂಗಳ ವ್ಯಾಪಾರ ಯೋಜನೆ, ಇವನ್ನೆಲ್ಲ ಲಗತ್ತಿಸಿ ಪ್ರತಿ ಪುಟಕ್ಕೂ ಮಂಡಳಿ ಅಧಿಕಾರ ಕೊಟ್ಟ ಇಬ್ಬರು ನಿರ್ದೇಶಕರು ರುಜು ಹಾಕಬೇಕು. ನಿಮ್ಮ ಸಂಸ್ಥೆಯನ್ನು ಕಟ್ಟಿಸಿದವರು ನಬಾರ್ಡಿನವರೋ, ರಾಷ್ಟ್ರೀಯ ಸಹಕಾರ ಅಭಿವೃದ್ಧಿ ನಿಗಮದವರೋ, ಬೇರೆ ಏಜೆನ್ಸಿಯವರೋ ನೋಡಿಕೊಂಡು ಅಲ್ಲಿಗೇ ಅರ್ಜಿ ಕಳಿಸಬೇಕು. ನಿಮಗೆ ಮಾರ್ಗದರ್ಶನಕ್ಕೆಂದು ನೇಮಕವಾದ ಸಂಸ್ಥೆಯವರು ಇದರಲ್ಲಿ ನೆರವಾಗುತ್ತಾರೆ; ಆದರೆ ಅವರೇ ಎಲ್ಲ ಬರೆಯಲಿ ಎಂದು ಬಿಟ್ಟು ಕೂರಬೇಡಿ. ಅವರ ಮಾರ್ಗದರ್ಶನ ಐದು ವರ್ಷಕ್ಕೆ ಮುಗಿಯುತ್ತದೆ, ಅದರೊಳಗೇ ಅರ್ಜಿ ಹೋಗಬೇಕು.

ತೊಡಕು ಬರುವುದು ದೊಡ್ಡ ವಿಷಯಗಳಲ್ಲಲ್ಲ. ಆಧಾರಿನಲ್ಲಿ ಬಸವರಾಜ, ಪಾಸ್‌ಬುಕ್ಕಿನಲ್ಲಿ ಬಸಪ್ಪ, ಪಹಣಿಯಲ್ಲಿ ತೀರಿಹೋದ ತಂದೆಯ ಹೆಸರು! ಹಣ ಕೊಟ್ಟದ್ದು ನಿಜ, ರಸೀದಿ ಹರಿದದ್ದಿಲ್ಲ. ಇಂಥದ್ದನ್ನು ಅರ್ಜಿಯ ವಾರದಲ್ಲಿ ತಿದ್ದಲಾಗದು. ಹೆಸರು ಕಾಳು ಮಾರಿ ಕೈಯಲ್ಲಿ ನಾಲ್ಕು ಕಾಸು ಆಡುವ ಭಾದ್ರಪದದಲ್ಲೇ ಷೇರು ಎತ್ತಿರಿ. ಎತ್ತುವಾಗಲೇ ಆಧಾರು, ಪಾಸ್‌ಬುಕ್ಕು, ಪಹಣಿ ಮೂರನ್ನೂ ಮುಂದಿಟ್ಟುಕೊಂಡು ಹೆಸರು ತಾಳೆ ನೋಡಿ, ರಸೀದಿ ಬರೆದು ಕೈಗೆ ಕೊಡಿ. ಹಣವನ್ನು ಮಾರನೆಯ ದಿನವೇ ಸಂಸ್ಥೆಯ ಖಾತೆಗೆ ತುಂಬಿರಿ. ತಂದೆಯ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಪೌತಿ ಖಾತೆಗೆ ಈ ತಿಂಗಳೇ ಅರ್ಜಿ ಕೊಡಿ, ಅದಕ್ಕೆ ದಿನ ಹಿಡಿಯುತ್ತದೆ.