ಮೂರು ಲೀಟರು ಕರುವಿನ ಪಾಲು

ಹುಣಸೂರು ಸೀಮೆಯ ಹಳ್ಳಿಗಳಲ್ಲಿ ಆಗಸ್ಟ್ ತಿಂಗಳ ಬೆಳಗಿನ ಜಾವ ಎರಡು ಕಡೆ ಬೆಂಕಿ ಉರಿಯುತ್ತಿರುತ್ತದೆ. ಒಂದು, ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಬಾಯಲ್ಲಿ. ರಾತ್ರಿಯಿಡೀ ಸೌದೆ ಒಟ್ಟಿ, ಶಾಖ ಏರಿಳಿಯದಂತೆ ಕಾದವರು ಅಲ್ಲೇ ಗೋಡೆಗೊರಗಿ ತೂಕಡಿಸುತ್ತಿರುತ್ತಾರೆ. ಇನ್ನೊಂದು, ಮನೆಯ ಹಿಂದಿನ ನೀರೊಲೆಯಲ್ಲಿ. ಆ ಹಂಡೆಯ ಬಿಸಿನೀರಿನಲ್ಲಿ ಒಂದು ಬಾಟಲಿಯನ್ನೂ ಅದರ ರಬ್ಬರು ನಿಪ್ಪಲನ್ನೂ ತಿಕ್ಕಿ ತೊಳೆಯುತ್ತಾ ಕೂತವಳು ಈ ಮನೆಗೆ ಬಂದು ಇನ್ನೂ ವರ್ಷ ತುಂಬದ ಸೊಸೆ. ತವರಿನಲ್ಲಿ ಹಸು ಇರಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕಪ್ಪು ಬಿಳಿ ಮಚ್ಚೆಯ ಹೆಣ್ಣುಗರು. ತಾಯಿಹಸು ಈದ ಮಾರನೆಯ ದಿನ ಹಾಲುಜ್ವರಕ್ಕೆ ಸಿಕ್ಕಿ ನೆಲಹಿಡಿಯಿತು. ಕ್ಯಾಲ್ಸಿಯಂ ಏರಿಸುವ ಹೊತ್ತಿಗೆ ತಡವಾಗಿತ್ತು. ಗಿಣ್ಣು ಕುಡಿದ ಕರುವೊಂದು ಉಳಿಯಿತು.

ಕರು ಬಾಟಲಿ ಕಂಡದ್ದೇ ಎದ್ದು ನಿಲ್ಲುತ್ತದೆ. ಮುಂಗಾಲು ನಡುಗುತ್ತವೆ. ಮೂತಿಯನ್ನು ಅವಳ ಸೀರೆಯ ನೆರಿಗೆಗೆ ತಿವಿದು, ಮೊಣಕಾಲಿಗೆ ತಿವಿದು, ಕೊನೆಗೆ ನಿಪ್ಪಲು ಸಿಕ್ಕಿತೆಂದರೆ ಕಣ್ಣು ಅರೆಮುಚ್ಚಿ ಚೀಪತೊಡಗುತ್ತದೆ. ಬಾಯಂಚಿನಲ್ಲಿ ನೊರೆ, ಹಿಂದೆ ಬಿಡುವಿಲ್ಲದೆ ಆಡುವ ಬಾಲ. ಹಾಲು ಸಾಲದೆನಿಸಿದಾಗ ಕೆಚ್ಚಲಿಗೆ ಗುದ್ದುವಂತೆಯೇ ಬಾಟಲಿಗೂ ತಲೆಯಿಂದ ಒಂದು ಗುದ್ದು. ಕೈ ಸಡಿಲವಿದ್ದರೆ ಬಾಟಲಿ ನೆಲಕ್ಕೆ. ಅವಳು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಾಳೆ.

"ಅಷ್ಟು ಎತ್ತರಕ್ಕೆ ಹಿಡೀಬ್ಯಾಡ ಕಣವ್ವ," ಎನ್ನುತ್ತಾರೆ ಬಾಗಿಲಲ್ಲಿ ನಿಂತ ಅತ್ತೆ. "ಅವ್ವನ ಕೆಚ್ಚಲ ತಾವು ಕತ್ತು ಹೆಂಗಿರ್ತದೋ ಹಂಗೇ ಇರ್ಲಿ. ಬಾಟ್ಲಿ ಹಿಂಡ್‌ಬ್ಯಾಡ, ಅದೇ ಚೀಪ್ಕತದೆ."

ಅತ್ತೆಯ ಈ ಎರಡು ಮಾತಿನ ಹಿಂದೆ ಕರುವಿನ ಒಡಲಿನ ಇಡೀ ಲೆಕ್ಕಾಚಾರವಿದೆ. ಕರುವಿಗೂ ನಾಲ್ಕು ಹೊಟ್ಟೆಗಳಿದ್ದರೂ ಮೊದಲ ವಾರಗಳಲ್ಲಿ ಹಾಲನ್ನು ಅರಗಿಸುವುದು ನಾಲ್ಕನೆಯದೊಂದೇ. ಕರು ಕತ್ತೆತ್ತಿ ಚೀಪುವಾಗ ಅನ್ನನಾಳದ ತುದಿಯ ಒಂದು ಮಡಿಕೆ ಸುತ್ತಿಕೊಂಡು ಕೊಳವೆಯಾಗುತ್ತದೆ. ಹಾಲು ಮೊದಲ ಮೂರನ್ನೂ ದಾಟಿ ನೇರವಾಗಿ ನಾಲ್ಕನೆಯದಕ್ಕೆ ಇಳಿಯುತ್ತದೆ. ಬಾಯಿ ಬಿಡಿಸಿ ಸುರಿದರೆ ಆ ಕೊಳವೆ ಸರಿಯಾಗಿ ಕೂಡುವುದಿಲ್ಲ. ಹಾಲು ಇನ್ನೂ ಬಲಿಯದ ದೊಡ್ಡಹೊಟ್ಟೆಗೆ ಬಿದ್ದು ಹುಳಿಯುತ್ತದೆ, ಭೇದಿ ಶುರುವಾಗುತ್ತದೆ. ದನಕ್ಕೆ ಔಷಧಿ ಹುಯ್ಯುವ ಬಿದಿರಿನ ಗೊಟ್ಟ ಪ್ರತಿ ಕೊಟ್ಟಿಗೆಯ ಸೂರಿನಲ್ಲೂ ಸಿಕ್ಕಿಸಿರುತ್ತದೆ. ಹೊಸಬರ ಕೈ ಮೊದಲು ಅದರ ಮೇಲೇ ಹೋಗುತ್ತದೆ. ಎಳಗರುವಿಗೆ ಗೊಟ್ಟ ಬೇಡ. ನಾಲಿಗೆ ಹಿಡಿದೆಳೆದು ಗೊಟ್ಟದಲ್ಲಿ ಹಾಲು ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗಿ, ಕೆಮ್ಮು, ಜ್ವರ ಬಂದು ಕರು ಕೈಬಿಟ್ಟು ಹೋಗುತ್ತದೆ. ಹಾಲು ಆಗತಾನೆ ಕರೆದಷ್ಟೇ ಬೆಚ್ಚಗಿರಬೇಕು, ಅಂದರೆ 38-39 ಡಿಗ್ರಿ ಸೆಲ್ಸಿಯಸ್. ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟು ನೋಡುವುದು ಇಲ್ಲಿಯ ಹೆಂಗಸರ ಥರ್ಮಾಮೀಟರು.

ತಾಯಿ ಸತ್ತ ಕರುವಿಗೆ ಬಾಟಲಿ ಹಿಡಿಯುವುದು ಯಾವ ಕಾಲದಲ್ಲೂ ಇತ್ತು. 2013ರಲ್ಲಿ ಹಳೆ ಮೈಸೂರು ಸೀಮೆಯನ್ನು ಕಾಲುಬಾಯಿ ಜ್ವರ ಹೊಕ್ಕಾಗ ಕೊಟ್ಟಿಗೆ ಕೊಟ್ಟಿಗೆಯಲ್ಲೂ ಈ ಪಾಡು. ಆ ಜ್ವರ ಬಂದ ಹಸುವಿನ ಹಸಿಹಾಲು ಕುಡಿದ ಎಳಗರು ಹೃದಯಕ್ಕೆ ಪೆಟ್ಟು ಬಿದ್ದು ನಿಂತಲ್ಲೇ ಬೀಳುತ್ತದೆ ಎಂಬುದು ಎಷ್ಟೋ ಮನೆಗಳಿಗೆ ಕರು ಹೋದ ಮೇಲೆ ಗೊತ್ತಾಯಿತು. ಈಗ ತಾಯಿ ಬದುಕಿದ್ದರೂ ಕರುವನ್ನು ಬೇರೆ ಕಟ್ಟಿ ಬಾಟಲಿಯಲ್ಲೋ ಬಕೇಟಿನಲ್ಲೋ ಸಾಕುವ ಮನೆಗಳು ಹೆಚ್ಚು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಆರಂಭವಾಗಿ, 1984ರಲ್ಲಿ ಅದು ಕೆಎಂಎಫ್ ಆದ ಈ ಅವಧಿಯಲ್ಲೇ ನಾಟಿ ಹಸುವಿನ ಗೊಂತಿಗೆ ಸೀಮೆಹಸು ಬಂದಿತು. ನಾಟಿ ಹಸು ಕರು ಬಂದು ಬಾಯಿಟ್ಟರಷ್ಟೇ ಹಾಲಿಳಿಸುತ್ತದೆ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸಿ ಕರೆಯುತ್ತಿದ್ದ ಕಾಲವನ್ನು ಕಂಡ ಮುದುಕರು ಊರುಗಳಲ್ಲಿ ಇನ್ನೂ ಇದ್ದಾರೆ. ಸೀಮೆಹಸುವಿಗೆ ಕರುವಿನ ಹಂಗಿಲ್ಲ. ಮಿಷನ್ನು ಹಾಕಿದರೂ ಹಾಲು ಬರುತ್ತದೆ. ಹಾಲಿಗೆ ಕರು ಬೇಡವಾದ ದಿನದಿಂದ ಕರುವಿನ ಪಾಲಿಗೆ ಕುತ್ತು ಬಂದಿತು.

ಬೆಳಿಗ್ಗೆ ಆರು ಗಂಟೆಗೆ ಊರಿನ ಡೈರಿ ಬಾಗಿಲಲ್ಲಿ ನಿಂತು ನೋಡಬೇಕು. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬ, ಸೆರಗಿನ ಮರೆಯ ಚಿಕ್ಕ ತಂಬಿಗೆ ಎಲ್ಲವೂ ಸಾಲಿನಲ್ಲಿ. ಸೆಕ್ರೆಟರಿ ಸ್ಯಾಂಪಲ್ ತೆಗೆದು ಫ್ಯಾಟು, ಎಸ್‌ಎನ್‌ಎಫ್ ನೋಡಿ ಚೀಟಿ ಹರಿದುಕೊಡುತ್ತಾರೆ. ಹೊಗೆಸೊಪ್ಪಿನ ದುಡ್ಡು ವರ್ಷಕ್ಕೊಮ್ಮೆ, ಅದೂ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಕಟ್ಟೆಯಲ್ಲಿ ಒಳ್ಳೆ ರೇಟು ಬಿದ್ದರೆ. ಹಾಲಿನ ಬಟವಾಡೆಗೆ ಅಷ್ಟು ದಿನ ಕಾಯಬೇಕಿಲ್ಲ. ಅಂಗಡಿ ಸಾಮಾನು, ಸಂಘದ ಕಂತು, ಮಕ್ಕಳ ಬಸ್‌ಪಾಸು ಎಲ್ಲವೂ ಅದರಲ್ಲೇ. ಲೀಟರಿಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಬೇರೆ. ಇಂಥ ಮನೆಯಲ್ಲಿ ಕರು ಕುಡಿಯುವ ಪ್ರತಿ ಲೀಟರೂ ಚೀಟಿಯಲ್ಲಿ ಕಡಿಮೆಯಾಗಿ ಕಾಣುತ್ತದೆ. ಬಡತನದಲ್ಲಿ ಹುಟ್ಟಿದ ಈ ಲೆಕ್ಕವನ್ನು ಹಗುರಾಗಿ ಆಡಿಕೊಳ್ಳುವ ಹಕ್ಕು ಹೊರಗಿನವರಿಗಿಲ್ಲ. ಆದರೂ ಲೆಕ್ಕ ತಪ್ಪಿದೆ ಎಂದು ಹೇಳಲೇಬೇಕು.

30 ಕೆಜಿ ತೂಗುವ ಸೀಮೆಗರುವಿಗೆ ಮೊದಲ ತಿಂಗಳು ತೂಕದ ಹತ್ತನೇ ಒಂದು ಪಾಲು ಹಾಲು ಬೇಕು. ಎರಡನೇ ತಿಂಗಳು ಹದಿನೈದನೇ ಒಂದು, ಮೂರನೇ ತಿಂಗಳು ಇಪ್ಪತ್ತನೇ ಒಂದು. ಪಾಲು ಇಳಿದರೂ ಕರು ಬೆಳೆಯುತ್ತಾ ಹೋಗುವುದರಿಂದ ಅಳತೆ ದಿನಕ್ಕೆ ಹೆಚ್ಚುಕಡಿಮೆ ಮೂರು ಲೀಟರಿನಲ್ಲೇ ನಿಲ್ಲುತ್ತದೆ. ಮೂರು ತಿಂಗಳಿಗೆ 270 ಲೀಟರು. ಇಷ್ಟು ಕುಡಿದು ಬೆಳೆದ ಹೆಣ್ಣುಗರು ಎರಡೂವರೆ ವರ್ಷದ ಹೊತ್ತಿಗೆ ತಾನೇ ಈಯುತ್ತದೆ. ನೀರು ಬೆರೆಸಿದ ಹಾಲು, ಅರ್ಧ ಬಾಟಲಿ, ಉಳಿದರೆ ಮಾತ್ರ ಎಂದು ಬೆಳೆದದ್ದು ಬೆದೆಗೆ ಬರುವುದೇ ತಡ. ಆ ತಡವಾದ ತಿಂಗಳುಗಳ ಮೇವು, ಹಿಂಡಿ, ಬೂಸಾದ ಖರ್ಚನ್ನು ಯಾವ ಚೀಟಿಯೂ ತೋರಿಸುವುದಿಲ್ಲ.

ಗಿಣ್ಣಿನ ವಿಷಯದಲ್ಲಿ ಈ ನಷ್ಟದ ಮಾತೂ ಇಲ್ಲ, ಡೈರಿಯವರು ಗಿಣ್ಣುಹಾಲು ಹಾಕಿಸಿಕೊಳ್ಳುವುದೇ ಇಲ್ಲ. ಆದರೂ ಕರುವಿಗೆ ಅದು ಹೊತ್ತಿಗೆ ಸಿಗುವುದಿಲ್ಲ. "ಕಸ ಬೀಳೋಗಂಟ ಕರೂಗೆ ಬಾಯಿಡಿಸ್ಬಾರ್ದು" ಎಂಬ ಮಾತು ಹುಣಸೂರು, ಕೆ.ಆರ್. ನಗರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಈ ನಾಲ್ಕೂ ತಾಲ್ಲೂಕಿನಲ್ಲಿ ಚಾಲ್ತಿಯಲ್ಲಿದೆ. ಕಸ, ಅಂದರೆ ಮಾಸು, ಬೀಳಲು ಎಂಟು ಹತ್ತು ಗಂಟೆಯೂ ಆಗಬಹುದು. ಅಷ್ಟು ಹೊತ್ತು ಕರು ಬರಿಹೊಟ್ಟೆಯಲ್ಲಿ ನೆಲ ನೆಕ್ಕುತ್ತಿರುತ್ತದೆ. ಮನುಷ್ಯರ ಕೂಸಿಗೆ ರೋಗ ತಡೆಯುವ ಶಕ್ತಿ ಒಂದಷ್ಟು ಗರ್ಭದಲ್ಲೇ ಸಿಗುತ್ತದೆ. ಕರುವಿಗೆ ಅದು ಸಿಗುವುದು ಗಿಣ್ಣಿನಿಂದ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು, ಹನ್ನೆರಡು ಗಂಟೆಯೊಳಗೆ ಮತ್ತೊಮ್ಮೆ, ಎರಡೂ ಸೇರಿ ತೂಕದ ಹತ್ತನೇ ಒಂದು ಪಾಲಾದರೂ ಹೊಟ್ಟೆಗೆ ಇಳಿಯಬೇಕು. ಕರು ಚೀಪಿದರೆ ಕಸ ಬೀಳಲು ತಾಯಿಗೂ ನೆರವೇ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಬೀದಿಗೆಲ್ಲ ಹಂಚುವುದು ನಮ್ಮ ಚೆಂದದ ಪದ್ಧತಿ, ಅದು ಮುಂದುವರಿಯಲಿ. ಕರು ಕುಡಿದಾದ ಮೇಲೆ ಪಾತ್ರೆ ಒಲೆಗೇರಲಿ. ಫ್ರಿಜ್ ಇದ್ದವರು ಒಂದು ಬಾಟಲಿ ಗಿಣ್ಣನ್ನು ಫ್ರೀಜರಿನಲ್ಲಿ ಇಟ್ಟುಕೊಂಡರೆ ತಾಯಿ ಸತ್ತ ಪಕ್ಕದ ಮನೆಯ ಕರುವಿಗೂ ಆಯಿತು. ಅದನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಬೇಕು. ಕುದಿಸಿದರೆ ಗಟ್ಟಿಯಾಗಿ ನಮಗೆ ರುಚಿ, ಕರುವಿಗೆ ಬೇಕಾದ ಕಾವಲು ಮಾತ್ರ ಆ ಶಾಖಕ್ಕೆ ಸುಟ್ಟುಹೋಗಿರುತ್ತದೆ.

ಇದೇ ಹುಣಸೂರು ಒಂದು ಕಾಲಕ್ಕೆ ಅಮೃತಮಹಲ್ ಇಲಾಖೆಯ ಕೇಂದ್ರ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಿದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಆ ಹೊತ್ತಿಗೆ ಅದರ ಕೆಲಸ ಸೈನ್ಯದ ಬಂಡಿ, ಫಿರಂಗಿ ಎಳೆಯುವ ಎತ್ತು ಸಾಕುವುದಾಗಿತ್ತು. ಬ್ರಿಟಿಷರ ಕೈಯಲ್ಲಿ 1860ರಲ್ಲಿ ಹಿಂಡು ಮಾರಾಟವಾಗಿ, ಕೆಲವೇ ವರ್ಷಗಳಲ್ಲಿ ಮತ್ತೆ ಕಟ್ಟಬೇಕಾಗಿ ಬಂದು, 1882ರಲ್ಲಿ ಮೈಸೂರು ಸರ್ಕಾರಕ್ಕೆ ಸೇರಿತು. ಕಾವಲುಗಳಲ್ಲಿ ಮೇಯುತ್ತಿದ್ದ ಆ ಹಸುಗಳ ಹಾಲು ಕರುಗಳದಾಗಿತ್ತು. ದಣಿವರಿಯದ ಎತ್ತು ಬೇಕಾದವರಿಗೆ ಕರುವಿನ ಹಾಲು ಕದಿಯಬಾರದೆಂಬುದು ತಿಳಿದಿತ್ತು.

ಆ ತಿಳಿವಳಿಕೆ ಇವತ್ತು ಕಣ್ಣಿಗೆ ಬೀಳುವುದು ಕೆ.ಆರ್. ನಗರ ಸೀಮೆಯಲ್ಲಿ. ಸಂಕ್ರಾಂತಿಯ ಆಸುಪಾಸಿನ ಚುಂಚನಕಟ್ಟೆ ದನದ ಜಾತ್ರೆಯಲ್ಲಿ, ಕಾವೇರಿ ಧುಮುಕುವ ಸದ್ದಿನ ಹತ್ತಿರದಲ್ಲೇ, ಹಳ್ಳಿಕಾರ್ ಹೋರಿಗಳು ಜೋಡಿ ಜೋಡಿಯಾಗಿ ನಿಂತಿರುತ್ತವೆ. ಕೊಂಬಿಗೆ ಎಣ್ಣೆ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಹೊದಿಕೆ. ಹಾಲಲ್ಲಿನ ಎಳೆ ಜೋಡಿಗೂ ಕೊಳ್ಳುವವರು ಬಾಯಿ ಬಿಡಿಸಿ ನೋಡುತ್ತಾರೆ, ಹಿಣಿಲು ತಡವುತ್ತಾರೆ. ಆ ಮೈಯ ಮಿಂಚಿನಲ್ಲಿ ತಾಯಿಯ ಹಾಲಿದೆ, ಬೆಣ್ಣೆ, ಮೊಟ್ಟೆ, ಹುರುಳಿ ಇದೆ. ಜಾತ್ರೆ ಮುಗಿಸಿ ಹಿಂತಿರುಗುವ ದಾರಿಯ ಅದೇ ಊರುಗಳಲ್ಲಿ, ಅದೇ ಭತ್ತದ ಹುಲ್ಲಿನ ಮೆದೆಗಳ ಮಗ್ಗುಲಲ್ಲಿ, ಸೀಮೆಹಸುವಿನ ಹೋರಿಗರುವನ್ನೂ ನೋಡಬಹುದು. ಹಿಣಿಲಿಲ್ಲ, ನೊಗ ಕೂರುವುದಿಲ್ಲ. ನೊಗವೇ ಟ್ರಾಕ್ಟರಿಗೆ ಸೋತು ಅಟ್ಟ ಸೇರಿದೆ. 2020ರ ಗೋಹತ್ಯೆ ನಿಷೇಧದ ಕಾಯ್ದೆಯ ನಂತರ ಮಾರುವುದೂ ಕಷ್ಟ. ಪಕ್ಕೆಲುಬು ಎದ್ದು, ಕೂದಲು ನಿಗುರಿ, ಹಗ್ಗ ನೆಕ್ಕುತ್ತಾ ನಿಂತಿರುತ್ತದೆ. ಅದಕ್ಕೆ ಬಾಟಲಿ ಹಿಡಿಯುವ ಕೈ ಇಲ್ಲ. ನಾಲ್ಕೂ ತಾಲ್ಲೂಕು ಸುತ್ತುವಾಗ ನನ್ನನ್ನು ಎಲ್ಲಕ್ಕಿಂತ ಕಲಕಿದ ನೋಟ ಇದು. ಹೆಣ್ಣುಗರು ಮಾತ್ರ ಹುಟ್ಟುವ ಸಾಧ್ಯತೆ ಹೆಚ್ಚಿಸುವ ಲಿಂಗ ವಿಂಗಡಿತ ವೀರ್ಯದ ಕಡ್ಡಿ ಈಗ ಬಂದಿದೆ. ಅದು ಮುಂದಿನ ಕರುಗಳ ಮಾತು. ಈಗ ಹುಟ್ಟಿ ನಿಂತಿರುವುದಕ್ಕೆ ಹಸಿವು ಇದೆ.

ಪಿರಿಯಾಪಟ್ಟಣದ ಕಡೆ ಪಾಲಿಗೆ ಕರು ಸಾಕುವ ಹೆಂಗಸರು ಸಿಗುತ್ತಾರೆ. ದೊಡ್ಡ ಕೊಟ್ಟಿಗೆಯವರಿಂದ ಎಳಗರು ತಂದು ಬೆಳೆಸಿ, ಗಬ್ಬಕ್ಕೆ ಬಂದ ಮೇಲೆ ಬೆಲೆ ಕಟ್ಟಿ ಅರ್ಧ ಹಂಚಿಕೊಳ್ಳುವ ವಾಡಿಕೆ. ಜಮೀನಿಲ್ಲದವರು ಹಸು ಕಟ್ಟುವುದಕ್ಕೆ ಇದೇ ಮೊದಲ ಮೆಟ್ಟಿಲು. ಬಾಟಲಿಯಿಂದ ಬಕೇಟಿಗೆ ದಾಟಿಸುವ ಕೆಲಸವನ್ನು ಇವರಲ್ಲಿ ನೋಡಬೇಕು. ಎರಡು ಬೆರಳನ್ನು ಹಾಲಿನಲ್ಲಿ ಅದ್ದಿ ಕರುವಿನ ಬಾಯಿಗೆ ಕೊಡುತ್ತಾರೆ. ಒರಟು ನಾಲಿಗೆ ಬೆರಳನ್ನು ಸುತ್ತಿ ಎಳೆಯುತ್ತದೆ. ಕೈಯನ್ನು ಮೆಲ್ಲಗೆ ಇಳಿಸುತ್ತಾ ಇಳಿಸುತ್ತಾ ಮೂತಿ ಬಕೇಟಿನ ಹಾಲು ಮುಟ್ಟಿದಾಗ ಬೆರಳು ಜಾರಿಸುತ್ತಾರೆ. ಕರು ಒಮ್ಮೆ ಸೀನಿ, ಹಾಲು ಚೆಲ್ಲಿ, ಮತ್ತೆ ಬೆರಳು ಹುಡುಕುತ್ತದೆ. ಸಹನೆ ಇದ್ದರೆ ಎರಡು ಮೂರು ದಿನದ ಕೆಲಸ. ಇಲ್ಲಿ ಒಂದು ಎಚ್ಚರ ಬೇಕು: ಹೊಗೆಸೊಪ್ಪು ಮುರಿದ ಕೈಯಲ್ಲಿ ಕಪ್ಪು ಜಿಡ್ಡು ಕೂತಿರುತ್ತದೆ. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೇ ಇಳಿದು ಕೂಲಿಯವರಿಗೆ ವಾಂತಿ, ತಲೆಸುತ್ತು ತರುತ್ತದೆ. ಆ ಬೆರಳನ್ನು ಸೋಪು ಹಾಕಿ ಉಜ್ಜಿ ತೊಳೆಯದೆ ಎಳಗರುವಿನ ಬಾಯಿಗೆ ಕೊಡಬಾರದು.

ಹಾಲು ಮುಗಿದದ್ದೇ ಕರು ಮಣ್ಣು, ಗೋಡೆ, ಪಕ್ಕದ ಕರುವಿನ ಹೊಕ್ಕುಳು, ಸಿಕ್ಕಿದ್ದನ್ನು ಚೀಪಲು ಹೋಗುತ್ತದೆ. ಮಣ್ಣು ತಿನ್ನದಂತೆ ಕುಕ್ಕೆ ಕಟ್ಟುವುದು ಹಳೆಯ ಉಪಾಯ. ಎರಡನೇ ವಾರದಿಂದ ಒಂದು ಹಿಡಿ ಕರುಹಿಂಡಿಯನ್ನು ಬಾಯಿಗೆ ಸವರುವುದು ಇನ್ನೂ ಒಳ್ಳೆಯದು. ಚೀಪುವ ಚಪಲವೂ ತಣಿಯುತ್ತದೆ, ದೊಡ್ಡಹೊಟ್ಟೆಯೂ ಬಲಿಯತೊಡಗುತ್ತದೆ. ದಿನಕ್ಕೆ ಒಂದು ಕೆಜಿ ಹಿಂಡಿ ತಿನ್ನುವ ಮಟ್ಟಕ್ಕೆ ಬಂದಾಗ ಹಾಲು ಬಿಡಿಸಬಹುದು.

ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಕರು ಸಾಕುವವರಿಗೆ ರಾತ್ರಿಯದೇ ಚಿಂತೆ. ನಾಗರಹೊಳೆ, ಬಂಡೀಪುರದ ಕಾಡುಗಳ ನಡುವೆ ಕಬಿನಿ ಹಿನ್ನೀರು ಹರಡಿದೆ; ಚಿರತೆಗೆ ಎಳಗರುವಿನಷ್ಟು ಸುಲಭದ ಬೇಟೆ ಬೇರೆ ಇಲ್ಲ. ಕತ್ತಲಾಗುವ ಮೊದಲೇ ಕರುಗಳು ಮನೆಯೊಳಗೆ ಬರುತ್ತವೆ. ಅಡುಗೆಮನೆಯ ಗೋಡೆಗೆ ಒತ್ತಿದ ಜಾಗದಲ್ಲಿ ಒಣಹುಲ್ಲು, ಮೇಲೊಂದು ಬಲ್ಬು, ಪಕ್ಕದಲ್ಲಿ ಮಗುವಿನ ಶಾಲೆಯ ಚೀಲ. ಜುಲೈ ತಿಂಗಳ ಸೋನೆಮಳೆಯಲ್ಲಿ ಈ ಬೆಚ್ಚನೆಯ ಮೂಲೆಯಿಂದಲೇ ಎಷ್ಟೋ ಕರು ಉಳಿದಿವೆ. ಒದ್ದೆ ನೆಲ, ಒಣಗದ ಹೊಕ್ಕುಳು, ಬೀಸುವ ಶೀತ ಮೂರೂ ಸೇರಿದರೆ ಬಾಟಲಿಯ ಹಾಲು ಎಷ್ಟಿದ್ದರೂ ಸಾಲದು. ಹುಟ್ಟಿದ ದಿನ ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದು ಒಂದು ನಿಮಿಷದ ಕೆಲಸ. ದುಂಡುಜಂತು ತಾಯಿಯ ಹಾಲಿನ ಮೂಲಕವೇ ಬರುವುದರಿಂದ, ಎಮ್ಮೆಗರುವಿಗಂತೂ ಮುಖ್ಯವಾಗಿ, ಹತ್ತು ದಿನದ ಹೊತ್ತಿಗೆ ಜಂತಿನ ಔಷಧಿಯನ್ನು ಡಾಕ್ಟರನ್ನು ಕೇಳಿ ಹಾಕಿಸಬೇಕು.

ಭೇದಿ ಹತ್ತಿದರೆ ಹೊಸಬರು ಮಾಡುವ ಮೊದಲ ಕೆಲಸ ಹಾಲು ನಿಲ್ಲಿಸುವುದು. ದಾಳಿಂಬೆ ಸಿಪ್ಪೆಯ ಕಷಾಯ ಕಾಯಿಸುವ ಅಜ್ಜಿಯೂ ಅದನ್ನೇ ಹೇಳಬಹುದು. ಆದರೆ ಕರು ಸಾಯುವುದು ಮೈಯ ನೀರು, ಉಪ್ಪು ಬತ್ತಿ. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಡುತ್ತಾ, ಎರಡು ಹೊತ್ತಿನ ಹಾಲಿನ ನಡುವೆ ಓಆರ್‌ಎಸ್ ಬೆರೆಸಿದ ಬೆಚ್ಚನೆ ನೀರು ಕುಡಿಸಬೇಕು. ಕತ್ತಿನ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿದ್ದರೆ, ಕಣ್ಣು ಗುಳಿಬಿದ್ದಿದ್ದರೆ, ಬಾಯಿಗೆ ಬೆರಳಿಟ್ಟಾಗ ಒಳಗೆ ತಣ್ಣಗಿದ್ದು ಚೀಪದಿದ್ದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ ಇರುವ ಉಚಿತ ಸಹಾಯವಾಣಿಯ ಸಂಖ್ಯೆ 1962. ಕೊಟ್ಟಿಗೆಯ ಬಾಗಿಲ ಮೇಲೆ ಇದ್ದಿಲಿನಲ್ಲಾದರೂ ಅದನ್ನು ಬರೆದಿಟ್ಟುಕೊಳ್ಳಿ. ಮತ್ತು ನಾಳೆ ಬೆಳಿಗ್ಗೆ ಡೈರಿಯ ಕ್ಯಾನು ತುಂಬುವ ಮೊದಲು ಕರುವಿನ ಬಾಟಲಿ ತುಂಬಿಸಿ, ಹುಟ್ಟಿದ್ದು ಹೋರಿಗರುವಾದರೂ.