ಅಚ್ಚಳಿಯದ ನೆನಪು

ಅಂತಿಮ ವರ್ಷದ ವಿದ್ಯಾರ್ಥಿಗಳಾದ ನಾವು ಈಗ ಒಬ್ಬರ ಪುಸ್ತಕದಲ್ಲಿ ಒಬ್ಬರು ಹಸ್ತಾಕ್ಷರ ಹಾಕುವ ಸಂಭ್ರಮದಲ್ಲಿದ್ದೇವೆ. ಆ ಪುಟಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ: ‘ಚಿರಸ್ಮರಣೀಯ ದಿನಗಳು’, ‘ಅಚ್ಚಳಿಯದ ನೆನಪು’. ಎರಡನ್ನೂ ಒಂದೇ ಎಂಬಂತೆ ಬಳಸುವುದು ರೂಢಿ. ಆದರೆ ಅವುಗಳ ಅರ್ಥ ಬೇರೆ ಬೇರೆ ಎಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದ್ದೇನೆ.

‘ಚಿರ’ ಎಂದರೆ ಬಹುಕಾಲ. ‘ಸ್ಮರಣೀಯ’ ಎಂದರೆ ಸ್ಮರಿಸಲು ಯೋಗ್ಯವಾದುದು. ‘ಪೂಜನೀಯ’, ‘ದರ್ಶನೀಯ’ ಎಂಬಲ್ಲಿರುವಂತೆ ಇಲ್ಲಿಯೂ ಯೋಗ್ಯತೆಯ ಮಾತುಂಟು. ಯೋಗ್ಯವೆಂದು ಒಪ್ಪುವವರು ಹಲವರು. ಆದುದರಿಂದ ಇದು ಸಮುದಾಯದ ಮಾತು. ಊರಿಗಾಗಿ ಮಡಿದವನಿಗೆ ನಮ್ಮ ಹಿರಿಯರು ವೀರಗಲ್ಲು ನಿಲ್ಲಿಸಿದುದು ಈ ಭಾವದಿಂದಲೇ. ಕಾಸರಗೋಡು ಸೀಮೆಯ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರನ್ನು 1943ರಲ್ಲಿ ಗಲ್ಲಿಗೇರಿಸಲಾಯಿತು. ಆ ಹೋರಾಟವನ್ನು ಕುರಿತ ಕಾದಂಬರಿಗೆ ನಿರಂಜನರು ‘ಚಿರಸ್ಮರಣೆ’ ಎಂದು ಹೆಸರಿಟ್ಟುದು ಎಷ್ಟು ಉಚಿತ!

‘ಅಚ್ಚಳಿಯದ’ ಎಂಬುದಾದರೋ ಕನ್ನಡದ್ದೇ ಮಾತು. ಅಚ್ಚು + ಅಳಿಯದ, ಲೋಪಸಂಧಿ. ಅಚ್ಚು ಎಂದರೆ ಒತ್ತಿದಾಗ ಮೂಡುವ ಗುರುತು. ಅಚ್ಚುಬೆಲ್ಲ, ಅಚ್ಚುಕೂಟಗಳನ್ನು ಅರಿಯದವರಾರು? ನಮ್ಮ ಕೋಲಾರ ಸೀಮೆಯ ತೆಲುಗು ಮನೆಮಾತಿನವರಿಗೂ ‘ಅಚ್ಚು’ ಪರಿಚಿತವೇ. ಒತ್ತಿದ ಗುರುತು ಅಳಿಯಲಿಲ್ಲ ಎಂಬಷ್ಟೇ ಇಲ್ಲಿಯ ಅರ್ಥ. ಅದು ಸಿಹಿಯೋ ಕಹಿಯೋ, ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಅವಸರದಲ್ಲಿ ಕೆಲವರು ‘ಅಚ್ಚಳಿದ ನೆನಪು’ ಎಂದು ಬರೆಯುವುದುಂಟು. ಒಂದು ಯಕಾರ ಬಿಟ್ಟುದರಿಂದ, ಗುರುತೇ ಅಳಿಸಿಹೋದ ನೆನಪೆಂದಾಗುತ್ತದೆ!

ಇದಕ್ಕೆ ನನ್ನದೇ ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಹುತ್ತೂರಿನಿಂದ ಸೇರಲು ಬಂದ ದಿನ, ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂಬಲ್ಲಿ ನಮ್ಮ ತಂದೆಯವರು ಹೆಬ್ಬೆಟ್ಟು ಒತ್ತಿದರು. ಹಿಂದೆ ನಿಂತವರು ನೋಡಿಯಾರೆಂದು ನಾನು ಅರ್ಜಿಯನ್ನು ಮಡಿಸಿಬಿಟ್ಟೆ. ಅವರು ಏನೂ ಅನ್ನಲಿಲ್ಲ. ಬೆರಳಿನ ಮಸಿಯನ್ನು ಪಂಚೆಯ ಅಂಚಿಗೆ ಒರೆಸಿಕೊಂಡು, “ಬಸ್ಸಿಗೆ ಹೊತ್ತಾಯ್ತು, ಬರ್ತೀನಪ್ಪ” ಎಂದು ಹೊರಟರು.

ಆ ದಿನ ಲೋಕಕ್ಕೆ ಚಿರಸ್ಮರಣೀಯವಲ್ಲ. ಆದರೆ ಆ ನೀಲಿ ಗುರುತು ನನ್ನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿದೆ. ಪದವಿ ಕೈಗೆ ಬಂದ ದಿನ, ಆ ಮಡಿಸಿದ ಅರ್ಜಿಯ ಮಾತನ್ನು ಮೊದಲು ಅವರಲ್ಲಿಯೇ ಹೇಳಿಕೊಳ್ಳಬೇಕೆಂದಿದ್ದೇನೆ.

ಮಿತ್ರರೇ, ಇನ್ನು ಮುಂದೆ ‘ಅಚ್ಚಳಿಯದ’ ಎಂದು ಬರೆಯುವಾಗ, ಯಾವ ಅಚ್ಚು ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯೋಣ.