ದಸ್ತಿಗೆ ಸಿಗದ ಹೊಗೆ

ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಹತ್ತಿರ ಬಂದರೆ ಹಗಲಲ್ಲೂ ವೆಲ್ಡಿಂಗಿನ ನೀಲಿ ಬೆಳಕು ಕಣ್ಣು ಕುಕ್ಕುತ್ತದೆ. ಲಾರಿ ಬಾಡಿ ಕಟ್ಟುವುದರಲ್ಲಿ ಬಸವಕಲ್ಯಾಣ ಹೆಸರುವಾಸಿ. ಹುಮನಾಬಾದಿನ ರಸ್ತೆಬದಿಯ ಶೆಡ್ಡುಗಳಲ್ಲೂ ಅದೇ ಚಟಪಟ. ಉಸ್ತಾದ್ ರಾಡ್ ತಾಗಿಸುತ್ತಾನೆ, ಆ್ಯಂಗಲ್ ಹಿಡಿದು ಕೂತ ಹುಡುಗ ಮೂಗಿಗೆ ದಸ್ತಿ ಕಟ್ಟಿಕೊಂಡಿರುತ್ತಾನೆ. ಕಣ್ಣಿಗೆ ಕಪ್ಪು ಗಾಜು ಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ, ಒಂದು ರಾತ್ರಿ ಕಣ್ಣುರಿದರೆ ಸಾಕು. ಹೊಗೆ ಅಷ್ಟು ಬೇಗ ಪಾಠ ಹೇಳುವುದಿಲ್ಲ.

ಆರ್ಕಿನ ಕಾವಿಗೆ ರಾಡಿನ ಲೋಹ ಆವಿಯಾಗಿ, ಗಾಳಿ ತಾಗಿದೊಡನೆ ಮತ್ತೆ ಗಟ್ಟಿಯಾಗುತ್ತದೆ. ಹೀಗೆ ಹುಟ್ಟುವ ಕಣಗಳಲ್ಲಿ ಬಹಳಷ್ಟು 100 ನ್ಯಾನೋಮೀಟರಿಗಿಂತ ಸಣ್ಣವು. ಇಂಥವು ಉಸಿರಿಗೆ ಹೋದರೆ ಏನಾಗುತ್ತದೆಂದು ತಿಳಿಯಲು ವಿಜ್ಞಾನಿಗಳು ಪಡುವ ಪಾಡು ಸಣ್ಣದಲ್ಲ. ಪುಡಿ ತಂದು ಊದಿದರೆ ಕಣಗಳು ಅಂಟಿಕೊಂಡು ಗಂಟಾಗುತ್ತವೆ. ಹಾಗಾಗಿ ಪ್ರಾಣಿ ಉಸಿರಾಡುವ ಹೊತ್ತಿಗೇ ಹೊಸದಾಗಿ ಹುಟ್ಟಿಸಬೇಕು. ಲೋಹವನ್ನು ಆವಿ ಮಾಡಿ ತಣಿಸುವ ಬಗೆಗೆ ಐಎಸ್‌ಒ 2010ರಲ್ಲಿ ಮಾನದಂಡವನ್ನೇ ಬರೆದಿದೆ. ಶೆಡ್ಡಿನಲ್ಲಿ ಅದು ಪುಕ್ಕಟೆ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು ಮ್ಯಾಂಗನೀಸ್ ಕಡ್ಡಿಗಳ ನಡುವೆ ಕಿಡಿ ಹಾರಿಸಿ ಸುಮಾರು 30 ನ್ಯಾನೋಮೀಟರಿನ ಕಣ ಮಾಡಿದರು. 12 ದಿನ ಉಸಿರಾಡಿದ ಇಲಿಗಳ ಮಿದುಳಿನಲ್ಲಿ, ವಾಸನೆ ಹಿಡಿಯುವ ಭಾಗದಲ್ಲಿ, ಮ್ಯಾಂಗನೀಸ್ ಮೂರೂವರೆ ಪಟ್ಟಾಗಿತ್ತು. ಒಂದು ಹೊಳ್ಳೆ ಮುಚ್ಚಿದಾಗ ತೆರೆದ ಕಡೆ ಮಾತ್ರ ಏರಿತು. ಅಂದರೆ ಮೂಗಿನ ನರವೇ ದಾರಿ. ಇದು 2006ರ ಮಾತು. ನಮ್ಮ ರಾಡಿನಲ್ಲೂ ಮ್ಯಾಂಗನೀಸ್ ಇದೆ.

ಇಲಿಯ ಮಾತು ನಮಗೇಕೆ ಅನ್ನುವವರಿಗೆ: 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವೆಲ್ಡಿಂಗ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಹಾಕಿದ್ದು ಕೆಲಸಗಾರರ ಶ್ವಾಸಕೋಶ ಕ್ಯಾನ್ಸರಿನ ಲೆಕ್ಕ ನೋಡಿಯೇ.

ಜಿಐ ಶೀಟು ಬೆಸೆದ ಸಂಜೆ ಚಳಿಜ್ವರ ಬಂದು ಒಂದೆರಡು ದಿನದಲ್ಲಿ ಇಳಿಯುವುದುಂಟು. ಅದು ಸತುವಿನ ಹೊಗೆಯ ಜ್ವರ. ಬೆಲ್ಲ ತಿಂದರೆ ಹೊಗೆ ಇಳಿಯುತ್ತದೆ ಅನ್ನುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಹೊಗೆ ಕೂತಿರುವುದು ಪುಪ್ಪುಸದಲ್ಲಿ.

ದಸ್ತಿಯ ನೂಲಿನ ಸಂದು ಈ ಕಣಕ್ಕೆ ಹೆಬ್ಬಾಗಿಲು. ಮುಖಕ್ಕೆ ಬಿಗಿಯಾಗಿ ಕೂತ ಎನ್95 ಬಹುಪಾಲು ತಡೆಯುತ್ತದೆ. ಅದಕ್ಕೂ ಮೊದಲು ಬೇಕಾದದ್ದು ಹೊಗೆಯನ್ನು ಹುಟ್ಟಿದಲ್ಲೇ ಎಳೆದುಕೊಳ್ಳುವ ಕೊಳವೆ. ಬ್ರಿಟನ್ 2019ರಿಂದ ಸಾದಾ ಉಕ್ಕಿನ ಒಳಾಂಗಣ ಬೆಸುಗೆಗೂ ಅದನ್ನು ಕೇಳುತ್ತಿದೆ.

ಉಸಿರಿಗೆ ಹೋದ ಕಣಗಳ ಹಾನಿ ಅಳೆಯುವ 90 ದಿನಗಳ ಪರೀಕ್ಷೆಯಲ್ಲಿ ಇಲಿಗೆ ಉಸಿರಾಡಿಸುವುದು ದಿನಕ್ಕೆ 6 ಗಂಟೆ, ವಾರಕ್ಕೆ 5 ದಿನ, 13 ವಾರ: ಒಟ್ಟು 390 ಗಂಟೆ. ದಿನಕ್ಕೆ 8 ಗಂಟೆಯಂತೆ ಆ ಹುಡುಗ ಇದನ್ನು ಎರಡೇ ತಿಂಗಳಲ್ಲಿ ಮುಗಿಸುತ್ತಾನೆ. ಕ್ಯಾನ್ಸರ್ ಬರುವುದಿದ್ದರೆ ಎಷ್ಟೋ ವರ್ಷ ಬಿಟ್ಟು. ಅಷ್ಟೊತ್ತಿಗೆ ಅವನೇ ಉಸ್ತಾದ್. ಪಕ್ಕದಲ್ಲಿ ಆ್ಯಂಗಲ್ ಹಿಡಿದು ಇನ್ನೊಬ್ಬ ಕೂತಿರುತ್ತಾನೆ.